ಚಿನ್ನದ ಕಾಲವೂ ಬಚ್ಚಲ ಒಲೆಯೂ

ಮೊದಲೇ ಹೇಳಿಬಿಡ್ತೀನಿ, ನನಗೆ ಕಾಮಿಕ್ಸ್ ಎಂದರೆ ಪ್ರಾಣ. ಇದನ್ನು ಕಾಮಿಕ್ಸ್ ಕಂಡರಾಗದವನ ಗೊಣಗಾಟ ಅಂತ ಓದಬೇಡಿ. ನನ್ನ ಜಗಳ ಇರೋದು ಅದನ್ನು ಚಿನ್ನ, ಬೆಳ್ಳಿ, ಕಂಚು ಅಂತ ಅಕ್ಕಸಾಲಿಗರ ತಕ್ಕಡಿಯಲ್ಲಿ ಇಟ್ಟು ತೂಗುವ ಸಂಗ್ರಹಕಾರರ ಜೊತೆ.

ಕೆಲವು ವರ್ಷದ ಹಿಂದೆ ಕಂಪನಿಯವರು ಆನ್‌ಸೈಟ್ ಅಂತ ಎಂಟು ತಿಂಗಳು ನ್ಯೂಜೆರ್ಸಿಗೆ ಕಳಿಸಿದ್ದರು. ಅಲ್ಲಿ ನನ್ನ ಪಕ್ಕದ ಸೀಟಿನಲ್ಲಿ ಕೂರುತ್ತಿದ್ದ ಅಮೆರಿಕನ್ ಸಹೋದ್ಯೋಗಿಗೆ ಐವತ್ತರ ಆಸುಪಾಸು. ನನಗೂ ಕಾಮಿಕ್ಸ್ ಹುಚ್ಚಿದೆ ಅಂತ ಗೊತ್ತಾಗಿದ್ದೇ ತಡ, ಒಂದು ಭಾನುವಾರ ಮನೆಗೆ ಕರೆದು ಸೀದಾ ಬೇಸ್‌ಮೆಂಟಿಗೆ ಕರೆದುಕೊಂಡು ಹೋದ. ಅಬ್ಬಾ, ಗೋಡೆಯಿಂದ ಗೋಡೆಗೆ ಉದ್ದುದ್ದ ಬಿಳಿ ರಟ್ಟಿನ ಡಬ್ಬಗಳು. ಒಂದೊಂದು ಪುಸ್ತಕಕ್ಕೂ ಒಂದು ಪ್ಲಾಸ್ಟಿಕ್ ಚೀಲ, ಬೆನ್ನಿಗೆ ಒಂದು ರಟ್ಟು. ನಮ್ಮೂರಿನ ಸೊಸೈಟಿಯಲ್ಲಿ ರೇಷನ್ ಕಾರ್ಡನ್ನೂ ಇಷ್ಟು ಜೋಪಾನವಾಗಿ ಇಟ್ಟದ್ದು ನಾನು ನೋಡಿಲ್ಲ.

'ನೀನು ಯಾವ ಏಜ್ ಓದಿ ಬೆಳೆದೆ?' ಅಂತ ಕೇಳಿದ.

ನನಗೆ ವಯಸ್ಸು ಕೇಳ್ತಿದ್ದಾನೆ ಅನಿಸಿತು. 'ಏಳೆಂಟು ವರ್ಷ ಇರಬಹುದು' ಅಂದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ವಿವರಿಸಿದ. ಕಾಮಿಕ್ಸ್ ಚರಿತ್ರೆಯಲ್ಲಿ ಗೋಲ್ಡನ್ ಏಜ್, ಸಿಲ್ವರ್ ಏಜ್, ಬ್ರಾಂಜ್ ಏಜ್, ಮಾಡರ್ನ್ ಏಜ್ ಅಂತ ಇವೆ, ಪ್ರತಿಯೊಬ್ಬ ಓದುಗನೂ ಯಾವುದೋ ಒಂದಕ್ಕೆ ಸೇರಿರಲೇಬೇಕು. ನಾನು ಓದಿದ್ದೆಲ್ಲ ಹೇಳಿದೆ. ಇಂದ್ರಜಾಲದ ಫ್ಯಾಂಟಮ್, ಅಮರ ಚಿತ್ರಕಥೆ, ಬಾಲಮಂಗಳದ ಡಿಂಗ ಎಂಬ ಅದ್ಭುತ ಶಕ್ತಿಯ ಇಲಿ. ಅವನು ಸ್ವಲ್ಪ ಹೊತ್ತು ಯೋಚಿಸಿ, ಬೇಜಾರು ಮಾಡಿಕೋಬೇಡ ಎನ್ನುವ ದನಿಯಲ್ಲಿ, 'ಹಾಗಾದರೆ ಅದು ಯಾವ ಏಜೂ ಅಲ್ಲ' ಅಂದ.

ಅಷ್ಟರಲ್ಲಿ ಅವನ ಎಂಟು ವರ್ಷದ ಮಗ ಕೆಳಗೆ ಬಂದು ಒಂದು ಸ್ಪೈಡರ್‌ಮ್ಯಾನ್ ಎತ್ತಿಕೊಳ್ಳಲು ಹೋದ. 'ಅದು ಓದೋದಲ್ಲ, ಇಡು' ಅಂತ ಅಪ್ಪ ಗದರಿದ. ಹುಡುಗ ಸುಮ್ಮನೆ ಮೆಟ್ಟಿಲು ಹತ್ತಿ ಹೋದ. ಯಾವ ಏಜೂ ಅಲ್ಲ ಅಂದಿದ್ದಕ್ಕಿಂತ ಇದು ನನಗೆ ಹೆಚ್ಚು ಚುಚ್ಚಿತು.

ಸರಿ, ಈ ಏಜುಗಳ ಲೆಕ್ಕವಾದರೂ ಏನು ಅಂತ ಕೂತು ಓದಿದೆ. ಪಂಚಾಂಗ ಹೀಗಿದೆ. 1938ರ ಜೂನ್ ತಾರೀಖು ಹೊತ್ತ 'ಆ್ಯಕ್ಷನ್ ಕಾಮಿಕ್ಸ್' ಮೊದಲ ಸಂಚಿಕೆಯಲ್ಲಿ ಸೂಪರ್‌ಮ್ಯಾನ್ ಬಂದ. ಅಲ್ಲಿಂದ ಚಿನ್ನದ ಕಾಲ ಶುರು. 1956ರಲ್ಲಿ 'ಶೋಕೇಸ್' ನಾಲ್ಕನೇ ಸಂಚಿಕೆಯಲ್ಲಿ ಫ್ಲ್ಯಾಶ್ ಹೊಸ ವೇಷದಲ್ಲಿ ಓಡಿ ಬಂದ, ಅಲ್ಲಿಂದ ಬೆಳ್ಳಿ. 1970ರ ಸುಮಾರಿಗೆ ಕಂಚು. 1985-86ರಲ್ಲಿ 'ಕ್ರೈಸಿಸ್ ಆನ್ ಇನ್ಫೈನೈಟ್ ಅರ್ಥ್ಸ್', 'ದ ಡಾರ್ಕ್ ನೈಟ್ ರಿಟರ್ನ್ಸ್', 'ವಾಚ್‌ಮೆನ್' ಬಂದವು, ಅಲ್ಲಿಂದ ಮಾಡರ್ನ್. ಆ ಮಾಡರ್ನ್ ಇನ್ನೂ ಮುಗಿದೇ ಇಲ್ಲ. ವ್ಯಾಪಾರಿಗಳಿಗೆ ಇದು ಸಾಲದಾಗಿ ನಡುವೆ ತಾಮ್ರದ ಕಾಲ ಅಂತ ಒಂದು ತುಂಡು ಕತ್ತರಿಸಿಕೊಂಡಿದ್ದಾರೆ. ಇನ್ನು ಕೆಲವರು ಅದನ್ನೇ ಕಬ್ಬಿಣದ ಕಾಲ, ಕತ್ತಲ ಕಾಲ ಅಂತಾರೆ.

ಗೆರೆಗಳಾದರೂ ನೆಟ್ಟಗಿವೆಯೇ? ಚಿನ್ನ ಎಲ್ಲಿ ಮುಗಿಯಿತು ಅಂತ ಕೇಳಿ, ಒಬ್ಬ 1949 ಅಂತಾನೆ, ಇನ್ನೊಬ್ಬ 1956 ಅಂತಾನೆ. ನಡುವೆ ಉಳಿದ ಜಾಗಕ್ಕೆ ಅಣುಯುಗ ಅಂತ ತೇಪೆ. ಬೆಳ್ಳಿ ಶುರುವಾಗಿದ್ದು ಫ್ಲ್ಯಾಶ್‌ನಿಂದಲೇ ಅನ್ನುವುದಕ್ಕೂ ತಕರಾರಿದೆ. ಅದಕ್ಕಿಂತ ಮೊದಲೇ, 1955ರಲ್ಲಿ, 'ಡಿಟೆಕ್ಟಿವ್ ಕಾಮಿಕ್ಸ್' 225ರಲ್ಲಿ ಮಂಗಳ ಗ್ರಹದ ಪತ್ತೇದಾರ ಬಂದಿದ್ದ. ಬೆಳ್ಳಿ ಮುಗಿದದ್ದು ಜ್ಯಾಕ್ ಕರ್ಬಿ 1970ರಲ್ಲಿ ಮಾರ್ವೆಲ್ ಬಿಟ್ಟಾಗಲೋ, ಅದೇ ವರ್ಷ 'ಗ್ರೀನ್ ಲ್ಯಾಂಟರ್ನ್' 76ರಲ್ಲಿ ಬಡತನ, ಬಣ್ಣಭೇದದ ಮಾತು ಬಂದಾಗಲೋ, 1973ರಲ್ಲಿ ಸ್ಪೈಡರ್‌ಮ್ಯಾನ್‌ನ ಗೆಳತಿ ಗ್ವೆನ್ ಸ್ಟೇಸಿ ಸತ್ತಾಗಲೋ? ಒಬ್ಬೊಬ್ಬರದು ಒಂದೊಂದು ಮಾತು. ಬೆಳ್ಳಿ ಎಂಬ ಹೆಸರೇ ಹುಟ್ಟಿದ್ದು 1966ರಲ್ಲಿ 'ಜಸ್ಟೀಸ್ ಲೀಗ್' ಪತ್ರಿಕೆಗೆ ಓದುಗನೊಬ್ಬ ಬರೆದ ಕಾಗದದಿಂದ ಅಂತಾರೆ. ಹಳೇ ಚಿನ್ನದ ಕಾಲದ ವೀರರನ್ನೇ ಹೀಗೆ ವಾಪಸ್ಸು ಕರೆಸುತ್ತಾ ಹೋದರೆ ಮುಂದಿನವರು ಈ ದಶಕವನ್ನು ಬೆಳ್ಳಿಯದು ಅಂದಾರು ಅಂತ ಅವನು ತಮಾಷೆ ಮಾಡಿದ್ದ. ತಮಾಷೆಯೇ ಈಗ ಚರಿತ್ರೆಯ ಅಧ್ಯಾಯದ ಹೆಸರು.

ಗೆರೆ ಅಲ್ಲಾಡುತ್ತದೆ ಅನ್ನುವುದು ದೊಡ್ಡ ತಪ್ಪಲ್ಲ. ಯಾವ ಚರಿತ್ರೆಯ ಗೆರೆಯೂ ಸ್ವಲ್ಪ ಅಲ್ಲಾಡುತ್ತದೆ. ಎಡವಟ್ಟು ಇರುವುದು ಬೇರೆ ಕಡೆ. ಮೇಲಿನ ಪಂಚಾಂಗವನ್ನು ಇನ್ನೊಮ್ಮೆ ನೋಡಿ. ಗೆರೆಯ ಹತ್ತಿರ ನಿಂತವರೆಲ್ಲ ಬಿಗಿ ಚಡ್ಡಿಯ ಸೂಪರ್‌ಹೀರೋಗಳು ಮತ್ತು ಅವರ ಕಡೆಯವರು. ಹಾಗಾದರೆ ಉಳಿದ ಕಾಮಿಕ್ಸ್ ಎಲ್ಲಿ ಹೋದವು?

ಬಾತುಕೋಳಿಗಳನ್ನೇ ತಗೊಳ್ಳಿ. 1960ರಿಂದ ಅಮೆರಿಕದ ಪತ್ರಿಕೆಗಳು ತಮ್ಮ ಮಾರಾಟದ ಅಂಕಿ ಅಚ್ಚು ಹಾಕಬೇಕಾಯಿತು. ಆ ವರ್ಷದ ಲೆಕ್ಕದಲ್ಲಿ ಸ್ಕ್ರೂಜ್ ಮಾವನ 'ಅಂಕಲ್ ಸ್ಕ್ರೂಜ್' ಸಂಚಿಕೆಗೆ ಹತ್ತು ಲಕ್ಷಕ್ಕೂ ಮೇಲೆ ಹೋಗುತ್ತಿತ್ತು, 'ಸೂಪರ್‌ಮ್ಯಾನ್' ಎಂಟು ಲಕ್ಷದ ಆಸುಪಾಸು. ಅಂದರೆ ಬೆಳ್ಳಿಯ ಕಾಲ ಅಂತ ಕರೆಯುವ ಹೊತ್ತಿನಲ್ಲಿ ಅಮೆರಿಕದ ಮಕ್ಕಳು ಅತಿ ಹೆಚ್ಚು ಓದುತ್ತಿದ್ದದ್ದು ಒಂದು ಜಿಪುಣ ಬಾತುಕೋಳಿಯ ಕಥೆ. ಅದನ್ನು ಬರೆದು ಚಿತ್ರ ಹಾಕಿದ ಕಾರ್ಲ್ ಬಾರ್ಕ್ಸ್ ಹೆಸರೂ ಪುಸ್ತಕದಲ್ಲಿ ಇರುತ್ತಿರಲಿಲ್ಲ. ಆ ಚೆನ್ನಾಗಿ ಬರೆಯುವ ಬಾತುಕೋಳಿಯವರು ಅಂತಷ್ಟೇ ಮಕ್ಕಳು ಗುರುತಿಟ್ಟುಕೊಂಡಿದ್ದರು. ಯಾವ ಗೆರೆಯೂ ಬಾರ್ಕ್ಸ್‌ಗಾಗಿ ಎಳೆದದ್ದಲ್ಲ.

ಹೆಣ್ಣುಮಕ್ಕಳ ಕಥೆ ಇನ್ನೂ ವಿಚಿತ್ರ. 1947ರಲ್ಲಿ ಜೋ ಸೈಮನ್ ಮತ್ತು ಅದೇ ಜ್ಯಾಕ್ ಕರ್ಬಿ 'ಯಂಗ್ ರೊಮ್ಯಾನ್ಸ್' ಶುರು ಮಾಡಿದರು. ಎರಡು ಮೂರು ವರ್ಷದಲ್ಲಿ ಅಂಥ ಪ್ರೇಮಕಥೆಯ ಪತ್ರಿಕೆಗಳು ನೂರು ದಾಟಿದವು. ಸಂಗ್ರಹಕಾರರ ಲೆಕ್ಕದಲ್ಲಿ ಅದು ಚಿನ್ನ ಕರಗುತ್ತಿದ್ದ ಹೊತ್ತು. ಏಕೆಂದರೆ ಸೂಪರ್‌ಹೀರೋಗಳ ಮಾರಾಟ ಬಿದ್ದಿತ್ತಲ್ಲ! ಲಕ್ಷಾಂತರ ಹುಡುಗಿಯರು ಮುಗಿಬಿದ್ದು ಓದುತ್ತಿದ್ದ ವರ್ಷಗಳನ್ನು ಹುಡುಗರ ಪುಸ್ತಕ ಮಾರಾಟವಾಗಲಿಲ್ಲ ಅಂತ ಇಳಿಗಾಲ ಅನ್ನುವುದು ಯಾವ ನ್ಯಾಯ ಸ್ವಾಮಿ? ನಮ್ಮೂರ ಜಾತ್ರೆಯಲ್ಲಿ ಬಳೆ ಅಂಗಡಿ ತುಂಬಿ ತುಳುಕುತ್ತಿದ್ದರೂ, ಕುಸ್ತಿ ಇಲ್ಲ ಅಂತ ಈ ಸಲ ಜಾತ್ರೆಯೇ ನಡೆಯಲಿಲ್ಲ ಅಂದ ಹಾಗಾಯ್ತು.

ಈಗ 1954ಕ್ಕೆ ಬನ್ನಿ. ನನ್ನ ಮುಖ್ಯ ಆಕ್ಷೇಪ ಇಲ್ಲಿದೆ. ಆ ವರ್ಷ ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಕಾಮಿಕ್ಸ್ ಓದಿದ ಮಕ್ಕಳು ಕೆಡುತ್ತಾರೆ ಅಂತ ಪುಸ್ತಕ ಬರೆದರು. ಸೆನೆಟ್ ಉಪಸಮಿತಿ ವಿಚಾರಣೆ ನಡೆಸಿತು. ಹೆದರಿದ ಪ್ರಕಾಶಕರು ತಮಗೆ ತಾವೇ ಕಾಮಿಕ್ಸ್ ಕೋಡ್ ಎಂಬ ಮೂಗುದಾರ ಹಾಕಿಕೊಂಡರು. ಮುಖಪುಟದ ಮೂಲೆಯಲ್ಲಿ ಅಂಚೆಚೀಟಿಯಷ್ಟು ದೊಡ್ಡ ಮುದ್ರೆ. ಅದಿಲ್ಲದಿದ್ದರೆ ಬಹಳಷ್ಟು ವಿತರಕರು ಪುಸ್ತಕ ಮುಟ್ಟುತ್ತಿರಲಿಲ್ಲ. ಇಸಿ ಎಂಬ ಕಂಪನಿಯ ಭಯಾನಕ ಕಥೆಗಳ ಪತ್ರಿಕೆಗಳು ಮುಚ್ಚಿದವು. ಅದೇ ಇಸಿ 'ಜಡ್ಜ್‌ಮೆಂಟ್ ಡೇ' ಎಂಬ ಹಳೇ ಕಥೆಯೊಂದನ್ನು ಮರುಮುದ್ರಿಸಲು ಹೊರಟಾಗ ಕೋಡಿನ ಅಧಿಕಾರಿ ತಕರಾರು ತೆಗೆದ. ಬಣ್ಣಭೇದದ ವಿರುದ್ಧದ ಕಥೆ ಅದು. ಕೊನೆಯ ಚೌಕದಲ್ಲಿ ಗಗನಯಾತ್ರಿ ಹೆಲ್ಮೆಟ್ ತೆಗೆದಾಗ ಅವನು ಕಪ್ಪು ಮನುಷ್ಯ ಅಂತ ಗೊತ್ತಾಗುತ್ತದೆ. ಅವನ ಮುಖದ ಬಣ್ಣವೇ ಆಗಬಾರದು ಅಂತ ತಕರಾರು. ಪ್ರಕಾಶಕ ಬಿಲ್ ಗೇನ್ಸ್ ಜಗಳ ಮಾಡಿ 1956ರಲ್ಲಿ ಇದ್ದಂತೆಯೇ ಅಚ್ಚು ಹಾಕಿ, ಬಣ್ಣದ ಕಾಮಿಕ್ಸ್ ಮಾಡುವುದನ್ನೇ ನಿಲ್ಲಿಸಿಬಿಟ್ಟ.

ಚರಿತ್ರೆಯಲ್ಲಿ ಗೆರೆ ಎಳೆಯಬೇಕಾದ ಜಾಗ ಯಾವುದಾದರೂ ಇದ್ದರೆ ಅದು 1954. ಆ ವರ್ಷದ ಹಿಂದೆ ಮುಂದೆ ಏನು ಬರೆಯಬಹುದು, ಯಾರು ಬರೆಯಬಹುದು, ಯಾರು ಕೆಲಸ ಕಳೆದುಕೊಂಡರು ಎಲ್ಲವೂ ಬದಲಾಯಿತು. ಕೊನೆಯ ಎರಡು ಪ್ರಕಾಶಕರು ಆ ಮುದ್ರೆ ಕೈಬಿಟ್ಟದ್ದು 2011ರಲ್ಲಿ, ಅಂದರೆ ಐವತ್ತೇಳು ವರ್ಷ ಅದರ ನೆರಳಿತ್ತು. ಆದರೆ ಆ ಗೆರೆಗೆ ಒಂದು ಲೋಹದ ಹೆಸರಿಲ್ಲ. ಬದಲಿಗೆ ಎರಡು ವರ್ಷ ಆಚೆ, ಒಬ್ಬ ಸೂಪರ್‌ಹೀರೋ ವಾಪಸ್ಸು ಬಂದ ಖುಷಿಗೆ ಬೆಳ್ಳಿ ಅಂತ ಹಬ್ಬ. ಸೆನ್ಸಾರಿನ ಕಾಲಕ್ಕೆ ಬೆಳ್ಳಿಯ ಲೇಪ! ಇದನ್ನು ನಾನು ಚರಿತ್ರೆ ಅನ್ನಲಾರೆ.

ಚಿನ್ನ ಅನ್ನುವುದಾದರೂ ಯಾರಿಗೆ? ಸೂಪರ್‌ಮ್ಯಾನ್‌ನನ್ನು ಹುಟ್ಟಿಸಿದ ಜೆರ್ರಿ ಸೀಗಲ್, ಜೋ ಶುಸ್ಟರ್ ಎಂಬ ಇಬ್ಬರು ಹುಡುಗರಿಗೆ ಅದರ ಹಕ್ಕಿಗಾಗಿ ಸಿಕ್ಕಿದ್ದು 130 ಡಾಲರ್. ಇಬ್ಬರಿಗೂ ಸೇರಿ. ಆ ಹಣ ಕೊಟ್ಟ ಚೆಕ್ಕು 2012ರಲ್ಲಿ ಹರಾಜಾಯಿತು. ಬೆಲೆ 1,60,000 ಡಾಲರ್! ಸೃಷ್ಟಿಗೆ 130, ಅದರ ಬ್ಯಾಂಕ್ ಚೀಟಿಗೆ ಲಕ್ಷಾಂತರ. 1947ರಲ್ಲಿ ಒರಿನ್ ಇವಾನ್ಸ್ ಎಂಬ ಕಪ್ಪು ಪತ್ರಕರ್ತರು ಕಪ್ಪು ಕಲಾವಿದರನ್ನೇ ಸೇರಿಸಿ 'ಆಲ್-ನೀಗ್ರೋ ಕಾಮಿಕ್ಸ್' ತಂದರು. ಬಂದದ್ದು ಒಂದೇ ಸಂಚಿಕೆ. ಎರಡನೆಯದಕ್ಕೆ ಅವರಿಗೆ ಕಾಗದ ಮಾರುವವರೇ ಸಿಗಲಿಲ್ಲ ಅಂತ ಹೇಳುತ್ತಾರೆ. ಆ ಒಂದು ಸಂಚಿಕೆಗೂ ಈಗ ಗೋಲ್ಡನ್ ಏಜ್ ಅಂತಲೇ ಚೀಟಿ ಅಂಟಿಸುತ್ತಾರೆ. ಇವಾನ್ಸ್ ಕೇಳಿದ್ದರೆ ಏನನ್ನುತ್ತಿದ್ದರೋ.

ಹಾಗಾದರೆ ಈ ಹೆಸರುಗಳು ಯಾಕೆ ಇಷ್ಟು ಗಟ್ಟಿಯಾಗಿ ಕೂತವು? ಉತ್ತರ ಸರಳ. ಇವು ಓದಿನ ಕಾಲಗಳಲ್ಲ, ಬೆಲೆಪಟ್ಟಿಯ ಶೀರ್ಷಿಕೆಗಳು. 1970ರಲ್ಲಿ ರಾಬರ್ಟ್ ಓವರ್‌ಸ್ಟ್ರೀಟ್ ಹಳೇ ಕಾಮಿಕ್ಸ್‌ಗಳ ಬೆಲೆಪುಸ್ತಕ ತಂದರು. 2000ದಲ್ಲಿ ಸಿಜಿಸಿ ಎಂಬ ಕಂಪನಿ ಬಂತು. ಪುಸ್ತಕ ಕಳಿಸಿದರೆ ಹತ್ತಕ್ಕೆ ಎಷ್ಟು ಅಂತ ಮಾರ್ಕ್ಸ್ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಸೀಲ್ ಮಾಡಿ ವಾಪಸ್ಸು ಕಳಿಸುತ್ತಾರೆ. ಓದಬೇಕೆಂದರೆ ಅದನ್ನು ಒಡೆಯಬೇಕು, ಒಡೆದರೆ ಮಾರ್ಕ್ಸ್ ಹೋಯಿತು. ಓದಿದರೆ ಬೆಲೆ ಕಳೆದುಕೊಳ್ಳುವ ಪುಸ್ತಕ ಅನ್ನುವುದನ್ನು ನಮ್ಮಜ್ಜಿಗೆ ಹೇಳಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು. ಹತ್ತು ಸೆಂಟಿನ ಆ 'ಆ್ಯಕ್ಷನ್ ಕಾಮಿಕ್ಸ್' ಮೊದಲ ಸಂಚಿಕೆಯ ಒಂದು ಪ್ರತಿ 2010ರಲ್ಲಿ ಹತ್ತು ಲಕ್ಷ ಡಾಲರಿಗೆ, ಇನ್ನೊಂದು 2014ರಲ್ಲಿ 32 ಲಕ್ಷ ಡಾಲರಿಗೆ ಹೋಯಿತು.

ಆ ಬೆಲೆ ಯಾಕೆ ಬಂತು ಗೊತ್ತೇ? ಉಳಿದ ಪ್ರತಿಗಳನ್ನೆಲ್ಲ ಮಕ್ಕಳು ಓದಿ ಹರಿದರು, ಬದಲಾಯಿಸಿಕೊಂಡರು, ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಹಳೇ ಕಾಗದ ಸಂಗ್ರಹಕ್ಕೆ ಕೊಟ್ಟರು, ಅಮ್ಮಂದಿರು ಕಸಕ್ಕೆ ಹಾಕಿದರು. ಓದಿದವರಿಂದಲೇ ಅದು ಅಪರೂಪವಾಯಿತು. ಇದನ್ನು ಮರೆತವರಿಗೆ 1990ರ ದಶಕ ಪಾಠ ಕಲಿಸಿತು. 1991ರಲ್ಲಿ 'ಎಕ್ಸ್-ಮೆನ್' ಹೊಸ ಸರಣಿಯ ಮೊದಲ ಸಂಚಿಕೆ 80 ಲಕ್ಷದ ಮೇಲೆ ಮಾರಾಟವಾಯಿತು. 1992ರ ನವೆಂಬರಿನಲ್ಲಿ ಸೂಪರ್‌ಮ್ಯಾನ್ ಸಾಯುವ ಸಂಚಿಕೆ ಕಪ್ಪು ಚೀಲದಲ್ಲಿ ಬಂದಾಗ ಜನ ಸಾಲುಗಟ್ಟಿ ಕೊಂಡರು. ಚೀಲ ಬಿಚ್ಚಲಿಲ್ಲ, ಮಗನ ಕಾಲೇಜು ಫೀಸಿಗಾಗುತ್ತೆ ಅಂತ ಎತ್ತಿಟ್ಟರು. ಎಲ್ಲರೂ ಎತ್ತಿಟ್ಟಿದ್ದರಿಂದ ಅದಕ್ಕೆ ಬೆಲೆ ಬರಲಿಲ್ಲ. ಆಮೇಲೆ ಮಾರುಕಟ್ಟೆ ಕುಸಿಯಿತು, 1996ರ ಡಿಸೆಂಬರಿನಲ್ಲಿ ಮಾರ್ವೆಲ್ ಕಂಪನಿಯೇ ದಿವಾಳಿ ಅರ್ಜಿ ಹಾಕಿತು.

ಇಷ್ಟು ಬೈದ ಮೇಲೆ ಕೊಡಬೇಕಾದ ಮರ್ಯಾದೆಯನ್ನೂ ಕೊಡಬೇಕು. ವಿಶ್ವವಿದ್ಯಾಲಯಗಳು ಕಾಮಿಕ್ಸ್ ಕಡೆ ತಿರುಗಿಯೂ ನೋಡದ ಕಾಲದಲ್ಲಿ ಅದನ್ನು ಉಳಿಸಿದವರು ಈ ಹುಚ್ಚರೇ. 1961ರಲ್ಲಿ ಡೆಟ್ರಾಯಿಟಿನ ಜೆರ್ರಿ ಬೇಲ್ಸ್ 'ಆಲ್ಟರ್ ಈಗೊ' ಎಂಬ ಪುಟ್ಟ ಅಭಿಮಾನಿ ಪತ್ರಿಕೆ ತೆಗೆದರು. ಸಹಿ ಇಲ್ಲದ ಚಿತ್ರಗಳನ್ನು ಯಾರು ಬರೆದರು ಅಂತ ಒಂದೊಂದೇ ಪತ್ತೆ ಹಚ್ಚಿ ಪಟ್ಟಿ ಮಾಡಿದ್ದು ಅವರಂಥವರು. ಓವರ್‌ಸ್ಟ್ರೀಟ್ ಪುಸ್ತಕ ಬೆಲೆಪಟ್ಟಿಯಾದರೂ ಯಾವ ಪತ್ರಿಕೆ ಎಷ್ಟು ಸಂಚಿಕೆ ಬಂತು ಅಂತ ತಿಳಿಯಲು ಇವತ್ತಿಗೂ ಬೇಕು. ಅವರಿಲ್ಲದಿದ್ದರೆ ಮೇಲೆ ನಾನು ಬರೆದದ್ದರಲ್ಲಿ ಅರ್ಧ ನನಗೆ ಗೊತ್ತೇ ಆಗುತ್ತಿರಲಿಲ್ಲ. ಸಂಗ್ರಹಕ್ಕೆ ನನ್ನ ನಮಸ್ಕಾರ. ತಾನು ಹುಡುಗನಾಗಿದ್ದಾಗ ಪ್ರೀತಿಸಿದ್ದಕ್ಕೆ ಒಳ್ಳೇ ಲೋಹದ ಹೆಸರಿಟ್ಟು, ಅದನ್ನೇ ಎಲ್ಲರ ಚರಿತ್ರೆ ಅನ್ನುವುದಕ್ಕೆ ಮಾತ್ರ ಇಲ್ಲ.

ಈ ಲೋಹದ ಲೆಕ್ಕ ಹೊಸದೂ ಅಲ್ಲ. ಗ್ರೀಕ್ ಕವಿ ಹೆಸಿಯಡ್ ಕೂಡ ಮನುಷ್ಯಕುಲವನ್ನು ಚಿನ್ನ, ಬೆಳ್ಳಿ, ಕಂಚು, ಆಮೇಲೆ ವೀರರು, ಕೊನೆಗೆ ಕಬ್ಬಿಣ ಅಂತ ಇಳಿಸಿಕೊಂಡು ಬಂದ. ತಾನಿರುವುದು ಕಬ್ಬಿಣದಲ್ಲಿ ಅಂತ ಗೋಳಾಡಿದ. ನಮ್ಮಲ್ಲೂ ಕೃತ, ತ್ರೇತಾ, ದ್ವಾಪರ ಎಲ್ಲ ಮುಗಿದು ಹೋಗಿವೆ, ನಾವಿರುವುದು ಯಾವಾಗಲೂ ಕಲಿಯುಗದಲ್ಲೇ. ನಮ್ಮೂರ ಅರಳಿಕಟ್ಟೆಯಲ್ಲಿ ಕೂತ ಯಾವ ಯಜಮಾನರನ್ನಾದರೂ ಕೇಳಿ, ಅವರಿಗೆ ಇಪ್ಪತ್ತು ತುಂಬಿದ ಮಾರನೇ ದಿನವೇ ಕಲಿಯುಗ ಶುರುವಾಗಿದೆ.

ನಾನು ಸಾಫ್ಟ್‌ವೇರಿನವನು, ಒಂದು ಮಾತು ನನ್ನ ಕಸುಬಿನಿಂದ ಹೇಳ್ತೀನಿ. ನಾವು 1.0, 2.0, 3.0 ಅಂತ ವರ್ಷನ್ ನಂಬರ್ ಹಾಕ್ತೀವಿ. ಆ ನಂಬರ್ ನಿರ್ಧಾರ ಮಾಡೋದು ಮಾರಾಟದವರ ಮೀಟಿಂಗಿನಲ್ಲಿ. ಬಳಸುವ ಜನರ ಜೀವನ ಆ ನಂಬರಿನ ಪ್ರಕಾರ ಬದಲಾಗೋದಿಲ್ಲ. ನಮ್ಮ ತಾಲೂಕಿನ ಯಾವುದೋ ಕಚೇರಿಯಲ್ಲಿ ಇನ್ನೂ ಹಳೇ ವರ್ಷನ್ನೇ ಓಡ್ತಿರುತ್ತೆ, ಅದರಲ್ಲೇ ಪಹಣಿ ಬರುತ್ತಿರುತ್ತೆ. ಆ ಕಚೇರಿಯವರು ಚರಿತ್ರೆಯಲ್ಲಿ ಇಲ್ಲವೇ ಇಲ್ಲ ಅನ್ನೋಕಾಗುತ್ತಾ?

ಈ ರೋಗ ನಮ್ಮಲ್ಲಿಗೂ ಬಂದಿದೆ, ಆದ್ದರಿಂದಲೇ ಇಷ್ಟು ಉದ್ದ ಬರೆದದ್ದು. 1964ರಲ್ಲಿ ಶುರುವಾಗಿ 1990ಕ್ಕೆ ನಿಂತ ಇಂದ್ರಜಾಲಕ್ಕೆ ಈಗ ಹರಾಜು ಬೆಲೆ. ಸುವರ್ಣಯುಗ ಅನ್ನುವ ಮಾತೂ ಕೇಳಿಬರುತ್ತಿದೆ. ಅಮರ ಚಿತ್ರಕಥೆಯ ಚರಿತ್ರೆಯನ್ನು ಎಲ್ಲರೂ ಶುರು ಮಾಡುವುದು ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ 'ಕೃಷ್ಣ'ನಿಂದ. ಆದರೆ ಆ 'ಕೃಷ್ಣ'ನ ನಂಬರ್ 11. ಹನ್ನೊಂದರಿಂದ ಎಣಿಕೆ ಶುರುವಾಗುವುದು ಯಾವ ಲೆಕ್ಕ? ಬೆಂಗಳೂರಿನಲ್ಲಿ ಪುಸ್ತಕ ಮಾರುತ್ತಿದ್ದ ಜಿ.ಕೆ. ಅನಂತರಾಂ ಅವರು ಹೇಳಿರುವ ಪ್ರಕಾರ ಮೊದಲ ಹತ್ತು ಬಂದದ್ದು 1965ರಲ್ಲಿ, ಕನ್ನಡದಲ್ಲಿ. ವಿದೇಶದ ಮಕ್ಕಳ ಕಥೆಗಳನ್ನು ಕನ್ನಡದಲ್ಲಿ ಅಚ್ಚು ಹಾಕಿ, ಅವು ಚೆನ್ನಾಗಿ ಮಾರಾಟವಾದ ಮೇಲೆಯೇ ಮುಂಬಯಿಯವರಿಗೆ ಧೈರ್ಯ ಬಂದದ್ದು. ನಂಬರ್ ಪಟ್ಟಿಯಲ್ಲಿ ಆ ಹತ್ತು ಜಾಗ ಖಾಲಿ ಕೂತಿದೆ. ಹನ್ನೊಂದನೆಯದನ್ನೇ ಮೊದಲನೆಯದು ಅಂತ ತಿಳಿದವರು ಅದರ ಬಗ್ಗೆ ಕೇಳುವುದೂ ಇಲ್ಲ. ಬಾತುಕೋಳಿಗೂ ಪ್ರೇಮಕಥೆಗೂ ಆದದ್ದೇ ನಮ್ಮ ಹತ್ತು ಪುಸ್ತಕಕ್ಕೂ ಆಗಿದೆ.

ನನ್ನ ಬಾಲ್ಯದ ಪುಸ್ತಕಗಳ ಬಗ್ಗೆ ಹೇಳಿ ಮುಗಿಸ್ತೀನಿ. ಅರಸೀಕೆರೆ ಕಡೆಯ ಹಳ್ಳಿ ನಮ್ಮದು. ಸೋದರಮಾವ ಬಸ್ ಕಂಡಕ್ಟರ್. ಬೆಂಗಳೂರು ರೂಟಿನಲ್ಲಿ ಪ್ರಯಾಣಿಕರು ಸೀಟಿನ ಮೇಲೆ ಬಿಟ್ಟುಹೋದ ಕಾಮಿಕ್ಸನ್ನೆಲ್ಲ ಮಾವ ಟಿಕೆಟ್ ಚೀಲದಲ್ಲಿ ತರುತ್ತಿದ್ದರು. ಬಹಳಷ್ಟಕ್ಕೆ ಮುಖಪುಟ ಇರುತ್ತಿರಲಿಲ್ಲ, ಕೆಲವಕ್ಕೆ ಕೊನೆ ಪುಟವೂ ಇಲ್ಲ. ನಂಬರ್ ಗೊತ್ತಿಲ್ಲ, ವರ್ಷ ಗೊತ್ತಿಲ್ಲ. ನ್ಯೂಜೆರ್ಸಿಯವನ ಲೆಕ್ಕದಲ್ಲಿ ಹತ್ತಕ್ಕೆ ಅರ್ಧ ಮಾರ್ಕ್ಸೂ ಬರದ ಪುಸ್ತಕಗಳು. ಕೊನೆ ಪುಟ ಇಲ್ಲದ ಕಥೆಗೆ ನಾನೂ ತಂಗಿಯೂ ಜಗಲಿಯ ಮೇಲೆ ಕೂತು ಕೊನೆ ಕಟ್ಟುತ್ತಿದ್ದೆವು. ಅವಳ ಕಥೆಯಲ್ಲಿ ಫ್ಯಾಂಟಮ್ ಯಾವಾಗಲೂ ಕಡೆಗೆ ನಮ್ಮೂರ ಕೆರೆ ಏರಿ ಮೇಲೆ ಕುದುರೆ ನಿಲ್ಲಿಸುತ್ತಿದ್ದ.

ನಾನು ಬಿಇ ಸೇರಿ ಹಾಸ್ಟೆಲ್ಲಿಗೆ ಹೋದ ವರ್ಷ ಮಳೆ ಜಾಸ್ತಿ. ಸೌದೆ ಹಸಿ. ಅಮ್ಮ ಅಟ್ಟದ ಮೇಲಿನ ಟ್ರಂಕು ಇಳಿಸಿ, ಬಚ್ಚಲ ಒಲೆ ಹಚ್ಚಲು ದಿನಕ್ಕೊಂದರಂತೆ ಅಷ್ಟನ್ನೂ ಉರಿಸಿದರು. ರಜೆಗೆ ಬಂದಾಗ ಗೊತ್ತಾಗಿ ನಾನು ಎರಡು ದಿನ ಮಾತು ಬಿಟ್ಟಿದ್ದೆ. 'ಎಲ್ಲ ಓದಿ ಆಗಿತ್ತಲ್ಲೋ' ಅಂದಿದ್ದರು ಅಮ್ಮ. ಆಗ ಸಿಟ್ಟು ಬಂದಿತ್ತು. ಆ ಬೇಸ್‌ಮೆಂಟಿನಿಂದ ಹುಡುಗ ಬರಿಗೈಯಲ್ಲಿ ಮೆಟ್ಟಿಲು ಹತ್ತಿದ್ದು ನೋಡಿದ ಮೇಲೆ ಆ ಸಿಟ್ಟು ಹೋಯಿತು.

ನಿಮ್ಮ ಮನೆ ಅಟ್ಟದಲ್ಲಿ ಹಳೇ ಕಾಮಿಕ್ಸ್ ಇದ್ದರೆ ಅದು ಯಾವ ಕಾಲದ್ದು, ಎಷ್ಟು ಬಾಳುತ್ತೆ ಅಂತ ಹುಡುಕುವ ಮೊದಲು ಮನೆಯ ಮಗುವಿನ ಕೈಗೆ ಕೊಡಿ. ಹರಿದರೆ ಹರಿಯಲಿ. 1965ರ ಆ ಕನ್ನಡದ ಹತ್ತರಲ್ಲಿ ಒಂದೇನಾದರೂ ಸಿಕ್ಕಿದರೆ ಮಾತ್ರ ದಯವಿಟ್ಟು ಒಲೆಗೆ ಹಾಕಬೇಡಿ. ನಾನು ಬಂದು ಅಲ್ಲೇ ನಿಮ್ಮ ಜಗಲಿ ಮೇಲೆ ಕೂತು ಓದಿ, ವಾಪಸ್ಸು ಕೊಟ್ಟು ಹೋಗ್ತೀನಿ.